ಕಬ್ಬಿನಲ್ಲಿ ಸಿಕ್ಕ ಮರಿಗಳನ್ನು ಮನೆಗೆ ತಂದದ್ದು ತಪ್ಪಾಯಿತೇ, ಡಾಕ್ಟರೇ?

ಓದುಗರ ಪತ್ರ

ನಾನು ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿಯವನು. ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ, ವಯಸ್ಸು 68. ಸಣ್ಣವನಿದ್ದಾಗಿನಿಂದ ಪ್ರಾಣಿ ಪಕ್ಷಿ ಅಂದರೆ ಪಂಚಪ್ರಾಣ. ಹತ್ತು ವರ್ಷದವನಿದ್ದಾಗ ಮುಂಗುಸಿ ಸಾಕಿದ್ದೆ. ನಮ್ಮ ತಂದೆ ಒಮ್ಮೆ ಎರೆ ಹೊಲದಿಂದ ಚಿಗರಿ (ಕೃಷ್ಣಮೃಗ) ಮರಿ ತಂದಿದ್ದರು, ಎಂಟು ದಿನ ಬದುಕಿತ್ತು. ಮುಂದೆ ಗಿಳಿ ಸಾಕಿದೆ. ನವಿಲಿನ ತತ್ತಿ ತಂದು ಕೋಳಿಯ ಕಾವಿಗೆ ಇಟ್ಟು ಮರಿ ಮಾಡಿಸಿದ್ದೂ ಉಂಟು. ಬಾದಾಮಿಗೆ ಹೋದಾಗಲೆಲ್ಲ ಮಂಗಗಳಿಗೆ ಬಾಳೆಹಣ್ಣು ಒಯ್ಯುತ್ತೇನೆ.

ಕಳೆದ ಜನವರಿಯಲ್ಲಿ ನಮ್ಮ ಕಬ್ಬು ಕಡಿಯುವಾಗ ರವದಿಯೊಳಗೆ (ಕಬ್ಬಿನ ಒಣ ಎಲೆಗಳೊಳಗೆ) ಮೂರು ಮರಿ ಸಿಕ್ಕವು. ಕೆಲವರು ಚಿರತೆ ಮರಿ ಅಂದರು, ಕೆಲವರು ಕಾಡುಬೆಕ್ಕು ಅಂದರು. ಕಬ್ಬು ಕಡಿಯುವ ಗ್ಯಾಂಗಿನ ಮುಖ್ಯಸ್ಥ, ಮುಕದ್ದಮ, "ಮನಷ್ಯಾರ ಕೈ ಹತ್ತೇತ್ರಿ, ಇನ್ನ ತಾಯಿ ಮುಟ್ಟಂಗಿಲ್ಲ" ಅಂದ. ಮೊಮ್ಮಗ ಅಳಲು ಶುರು ಮಾಡಿದ. ಮನೆಗೆ ತಂದು ಎಮ್ಮೆ ಹಾಲು ಕುಡಿಸಿದೆವು. ಮೂಗಿನಲ್ಲಿ ಗುಳ್ಳೆ ಬರುತ್ತಿತ್ತು, ನಾಲ್ಕು ದಿನದಲ್ಲಿ ಎರಡು ಸತ್ತವು. ಮೂರನೆಯದು ಬದುಕಿತು. ಅನ್ನ, ಕೋಳಿಯ ಲಿವರ್ ತಿಂದು ಬೆಳೆಯಿತು. ಮೇ ತಿಂಗಳಲ್ಲಿ ಪಕ್ಕದ ಮನೆಯ ಕೋಳಿ ಹಿಡಿಯಿತು. ಒಮ್ಮೆ ಮೊಮ್ಮಗನ ಕೈಗೆ ಹಲ್ಲು ಊರಿತು. ಅರಿಶಿಣ ಹಚ್ಚಿದೆವು, ಮಾಯಿತು. ಆಮೇಲೆ ಒಂದು ರಾತ್ರಿ ಹೋದದ್ದು ತಿರುಗಿ ಬರಲಿಲ್ಲ.

ಮಗ ಹೇಳುತ್ತಾನೆ, ಇದು ಕಾನೂನಿನ ಪ್ರಕಾರ ಅಪರಾಧ, ನೀವು ಮಾಡಿದ್ದೆಲ್ಲ ಪ್ರೀತಿ ಅಲ್ಲ, ಹಟ ಅಂತ. ಅರವತ್ತು ವರ್ಷದ ಪ್ರೀತಿ ತಪ್ಪೇ? ಈ ಸಲ ಮತ್ತೆ ಕಟಾವು ಹತ್ತಿರ ಬಂದಿದೆ. ಮತ್ತೆ ಮರಿ ಸಿಕ್ಕರೆ ಏನು ಮಾಡಲಿ? (1979ರಿಂದ ನಾನು ಕಂಡ ಹಕ್ಕಿ, ಪ್ರಾಣಿಗಳನ್ನು ಹಳೆಯ ಹಾಜರಿ ಪುಸ್ತಕಗಳಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದೇನೆ. ಅದಕ್ಕೇನೂ ಕಿಮ್ಮತ್ತಿಲ್ಲ ಅನ್ನಿ.)

ಉತ್ತರ

ಗುರುಗಳೇ, ನಮಸ್ಕಾರ.

ನೀವು ಕೇಳಿದ್ದು ಎರಡು ಪ್ರಶ್ನೆ. ನಾನು ಮೊದಲು ನೀವು ಕೇಳದೇ ಬಿಟ್ಟ ಮೂರನೆಯದಕ್ಕೆ ಬರುತ್ತೇನೆ. ಮೊಮ್ಮಗನ ಕೈಗೆ ಹಲ್ಲು ಊರಿತ್ತು, ಅರಿಶಿಣ ಹಚ್ಚಿದೆವು ಅಂತ ಬರೆದಿದ್ದೀರಿ. ಲಸಿಕೆಯ ಮಾತೇ ಇಲ್ಲ. ಗಾಯ ಮಾಯ್ದದ್ದಕ್ಕೂ ರೇಬೀಸ್‌ಗೂ ಸಂಬಂಧ ಇಲ್ಲ. ಆ ರೋಗ ಸಾಮಾನ್ಯವಾಗಿ ಕಚ್ಚಿದ ಎರಡು ಮೂರು ತಿಂಗಳಿಗೆ ಕಾಣಿಸುತ್ತದೆ, ಆದರೆ ವಾರಕ್ಕೂ ಬರಬಹುದು, ವರ್ಷಕ್ಕೂ ಬರಬಹುದು. ಬಂದ ಮೇಲೆ ಔಷಧ ಇಲ್ಲ. ಮನೆಯಲ್ಲೇ ಬೆಳೆದ ಮರಿ, ಹಾಗಾಗಿ ಅಪಾಯ ಕಡಿಮೆ ಅನ್ನುವುದು ನಿಜ. ಆದರೆ ಅದು ಓಡಿಹೋಗಿದೆ, ಹುಷಾರಿತ್ತೋ ಇಲ್ಲವೋ ನೋಡಲು ಸಿಗುವುದಿಲ್ಲ. ತಡವಾಯಿತು ಅಂತ ಬಿಡುವ ವಿಷಯ ಇದಲ್ಲ. ತಿಂಗಳುಗಳು ಕಳೆದಿದ್ದರೂ ಲಸಿಕೆ ಹಾಕುತ್ತಾರೆ. ನಾಳೆಯೇ ಹುಡುಗನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ನಡೆದದ್ದನ್ನು ಮುಚ್ಚಿಡದೆ ಹೇಳಿ, ಅವರು ಬರೆದುಕೊಟ್ಟ ದಿನಗಳಿಗೆ ತಪ್ಪದೆ ಹಾಕಿಸಿ. ಮುಂದೆ ಯಾವ ಪ್ರಾಣಿ ಕಚ್ಚಿದರೂ, ಪರಚಿದರೂ ಹರಿಯುವ ನೀರಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆಯಬೇಕು. ಅರಿಶಿಣ, ಸುಣ್ಣ, ಖಾರದ ಪುಡಿ ಯಾವುದೂ ಬೇಡ.

ಇನ್ನು ಮರಿಗಳ ಮಾತು.

ಅವು ಕಾಡುಬೆಕ್ಕಿನ ಮರಿಗಳೇ. ಚಿರತೆಯಲ್ಲ. ಬೆಳೆದದ್ದು ಮೇ ತಿಂಗಳಲ್ಲಿ ಕೋಳಿ ಹಿಡಿಯುವಷ್ಟೇ ದೊಡ್ಡದಿತ್ತು, ಕಿವಿಯ ತುದಿಗೆ ಕರಿ ಕೂದಲಿನ ಕುಚ್ಚು ಬಂದಿತ್ತು, ಬಾಲ ಮೋಟು ಅಂತ ನೀವೇ ಪತ್ರದ ಜೊತೆ ಇಟ್ಟ ಚಿತ್ರದಲ್ಲಿ ಬಿಡಿಸಿದ್ದೀರಿ. (ಚಿತ್ರ ಚೆನ್ನಾಗಿದೆ. ಮಾಸ್ತರ ಕೈ.) ಕಬ್ಬು ಕಡಿಯುವ ಹಂಗಾಮಿನಲ್ಲಿ ನಮ್ಮಂಥ ಪಶುವೈದ್ಯರಿಗೆ ಬರುವ "ಚಿರತೆ ಮರಿ" ಫೋನುಗಳಲ್ಲಿ ಹೆಚ್ಚಿನವು ಕೊನೆಗೆ ಕಾಡುಬೆಕ್ಕೇ ಆಗಿರುತ್ತವೆ. ಗೊಂದಲಕ್ಕೆ ಕಾರಣವಿದೆ. ದೊಡ್ಡ ಕಾಡುಬೆಕ್ಕಿನ ಮೈಮೇಲೆ ಪಟ್ಟೆ, ಚುಕ್ಕೆ ಎದ್ದು ಕಾಣುವುದಿಲ್ಲ, ಒಂದೇ ಮಣ್ಣಿನ ಬಣ್ಣ. ಮರಿಯ ಮೈಮೇಲೆ ಮಾತ್ರ ಗೆರೆ, ಮಚ್ಚೆ ಇರುತ್ತವೆ, ಬೆಳೆದಂತೆ ಮಾಸುತ್ತವೆ. ಜನ ಮಚ್ಚೆ ನೋಡಿದ ಕೂಡಲೇ ಚಿರತೆ ಅನ್ನುತ್ತಾರೆ.

ಚಿರತೆ ಮರಿ ಬೇರೆಯೇ ಇರುತ್ತದೆ. ಮೈತುಂಬ, ಹೊಟ್ಟೆಯ ಕೆಳಗೆ, ಕಾಲಿಗೆಲ್ಲ ಒತ್ತೊತ್ತಾಗಿ ಕಪ್ಪು ಮಚ್ಚೆ. ಪಾದ ದಪ್ಪ, ಮೈಯ ಅಳತೆಗೆ ಹೊಂದುವುದೇ ಇಲ್ಲ ಅನ್ನುವಷ್ಟು ದಪ್ಪ. ಬಾಲ ಉದ್ದ. ಕಿವಿ ದುಂಡಗೆ, ಹಿಂಬದಿಯಲ್ಲಿ ಕಪ್ಪಿನ ನಡುವೆ ಬಿಳಿ ಗುರುತು. ಕಾಡುಬೆಕ್ಕಿನ ಮರಿಗೆ ಕಾಲು ಸಣ್ಣ ಮತ್ತು ಉದ್ದ, ಬಾಲ ಗಿಡ್ಡ, ಬಾಲದ ತುದಿಯ ಕಡೆಗೆ ಕಪ್ಪು ಉಂಗುರ. ಕಣ್ಣು ತೆರೆಯದ ಹಸಿ ಮರಿಯಾದರೆ ಅನುಭವ ಇದ್ದವರೂ ಒಂದು ಕ್ಷಣ ತಡವರಿಸುತ್ತಾರೆ. ಅನುಮಾನ ಬಂದರೆ ಚಿರತೆ ಅಂತಲೇ ತಿಳಿಯಿರಿ, ಹಿಂದೆ ಸರಿಯಿರಿ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮುಕದ್ದಮನ ಮಾತಿಗೆ ಬರೋಣ. ಮನುಷ್ಯರ ಕೈ ತಾಗಿದರೆ ತಾಯಿ ಮರಿಯನ್ನು ಮುಟ್ಟುವುದಿಲ್ಲ ಅನ್ನುವುದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಮಾತು. ನಾನೂ ನಂಬಿದ್ದೆ. ಅದು ಸುಳ್ಳು. ತಾಯಿಗೆ ಮರಿಯ ಕೂಗು ಗೊತ್ತು, ವಾಸನೆ ಗೊತ್ತು. ಅದರ ಮೇಲೆ ನಿಮ್ಮ ಕೈಯ ವಾಸನೆ ಸ್ವಲ್ಪ ಹತ್ತಿದರೆ ಅವಳು ನೆಕ್ಕಿ ತೆಗೆಯುತ್ತಾಳೆ, ಅಷ್ಟೇ. ಎರಡು ತಿಂಗಳು ಹೊಟ್ಟೆಯಲ್ಲಿ ಹೊತ್ತು ಹೆತ್ತದ್ದನ್ನು ವಾಸನೆಗೆ ಹೇಸಿ ಬಿಡುವ ತಾಯಿ ಯಾವ ಜಾತಿಯಲ್ಲೂ ಅಪರೂಪ. ಮಹಾರಾಷ್ಟ್ರದ ಜುನ್ನರ್ ಕಡೆ ಕಬ್ಬಿನಲ್ಲಿ ಚಿರತೆ ಮರಿ ಸಿಗುವುದು ವರ್ಷ ವರ್ಷದ ಮಾತು. ಅಲ್ಲಿ ಅರಣ್ಯ ಇಲಾಖೆಯವರು ಮತ್ತು ಮಾಣಿಕಡೋಹದ ಚಿರತೆ ಕೇಂದ್ರದ ವೈದ್ಯರು ಮರಿಗಳನ್ನು ಕೈಯಲ್ಲಿ ಹಿಡಿದು, ತಪಾಸಣೆ ಮಾಡಿ, ಸಂಜೆಗೆ ಅದೇ ಹೊಲದಲ್ಲಿ ಪೆಟ್ಟಿಗೆಯಲ್ಲಿ ಇಡುತ್ತಾರೆ. ರಾತ್ರಿ ತಾಯಿ ಬಂದು ಕಚ್ಚಿಕೊಂಡು ಹೋಗುವುದು ಕ್ಯಾಮೆರಾದಲ್ಲಿ ದಾಖಲಾಗಿದೆ, ಒಂದಲ್ಲ, ಹಲವು ಸಲ.

ತಾಯಿಯನ್ನು ದೂರ ಇಡುವುದು ನಮ್ಮ ಗದ್ದಲ. ಕಬ್ಬು ಕಡಿಯುವಾಗ ಇಪ್ಪತ್ತು ಜನ, ಟ್ರ್ಯಾಕ್ಟರ್, ಹಾಡು, ನಾಯಿ. ಅವಳು ಹೆದರಿ ಪಕ್ಕದ ಕಡಿಯದ ಕಬ್ಬಿನಲ್ಲಿ ಕೂತಿರುತ್ತಾಳೆ. ಕತ್ತಲಾಗಿ ಜನ ಹೋಗುವುದನ್ನು ಕಾಯುತ್ತಾಳೆ. ಇನ್ನೊಂದು ವಿಷಯ ಹೆಚ್ಚು ಜನರಿಗೆ ಗೊತ್ತಿಲ್ಲ. ಗದ್ದಲ ಕೇಳಿದ ತಾಯಿ ಹಿಂದಿನ ರಾತ್ರಿಯಿಂದಲೇ ಮರಿಗಳನ್ನು ಒಂದೊಂದಾಗಿ ಬೇರೆ ಕಡೆ ಸಾಗಿಸಲು ಶುರು ಮಾಡಿರುತ್ತಾಳೆ. ಒಂದನ್ನು ಇಟ್ಟು ಎರಡನೆಯದಕ್ಕೆ ಬರುವಷ್ಟರಲ್ಲಿ ಬೆಳಗಾಗಿ ಕುಡುಗೋಲು ಬಂದಿರುತ್ತದೆ. ನಮಗೆ ಸಿಗುವುದು ಆ ಉಳಿದ ಮರಿ. ನಾವು ಅದಕ್ಕೆ "ತಬ್ಬಲಿ" ಅನ್ನುತ್ತೇವೆ.

ಹಾಗಾದರೆ ನಿಮ್ಮ ಎರಡು ಮರಿ ಸತ್ತದ್ದು ಯಾಕೆ? ಹಾಲು ಕಡಿಮೆಯಾಗಿ ಅಲ್ಲ. ನೀವು ಬರೆದ ಲಕ್ಷಣ ನೋಡಿದರೆ ನನಗೆ ಮೂರು ಅನುಮಾನ. ಒಂದು, ಥಂಡಿ. ಜನವರಿಯ ರಾತ್ರಿ ನಮ್ಮ ಕಡೆ ಎಷ್ಟು ಕೊರೆಯುತ್ತದೆ ಅಂತ ನಿಮಗೆ ಗೊತ್ತು. ಎಳೆ ಮರಿಗೆ ತನ್ನ ಮೈ ಕಾವು ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ. ಮೈ ತಣ್ಣಗಾದ ಮರಿಯ ಹೊಟ್ಟೆಗೆ ಹಾಲು ಹೋದರೆ ಅದು ಜೀರ್ಣವಾಗದೆ ಹುಳಿಯುತ್ತದೆ. ಎರಡು, ಹಾಲು ಕುಡಿಸಿದ ರೀತಿ. ಕೂಸಿನ ಹಾಗೆ ಬೆನ್ನ ಮೇಲೆ ಮಲಗಿಸಿ, ಬತ್ತಿಯಿಂದಲೋ ಸಿರಿಂಜಿನಿಂದಲೋ ಬಾಯಿಗೆ ಬಿಟ್ಟರೆ ಹಾಲು ಪುಪ್ಪುಸಕ್ಕೆ (ಶ್ವಾಸಕೋಶಕ್ಕೆ) ಇಳಿಯುತ್ತದೆ. ಮೂಗಿನಲ್ಲಿ ಗುಳ್ಳೆ ಬರುತ್ತಿತ್ತು ಅಂತ ಬರೆದಿದ್ದೀರಿ, ಅಲ್ವಾ? ಅದೇ. ಮೂರನೆಯದನ್ನು ಕೇಳಿದರೆ ಎಲ್ಲರಿಗೂ ಆಶ್ಚರ್ಯ. ಕಣ್ಣು ಆಗತಾನೇ ತೆರೆದ ಬೆಕ್ಕಿನ ಮರಿಗೆ ತಾನಾಗಿ ಉಚ್ಚೆ ಹೊಯ್ಯಲು ಬರುವುದಿಲ್ಲ. ತಾಯಿ ಹಿಂಬದಿ ನೆಕ್ಕಿದರೆ ಮಾತ್ರ ಆಗುತ್ತದೆ. ಮನೆಯಲ್ಲಿ ಹಾಲು ಹಾಕುತ್ತಲೇ ಹೋಗುತ್ತೇವೆ, ಹೊಟ್ಟೆ ಉಬ್ಬುತ್ತದೆ, "ಚೆನ್ನಾಗಿ ಕುಡಿದಿದೆ" ಅಂದುಕೊಳ್ಳುತ್ತೇವೆ.

ನಿಮ್ಮನ್ನು ನೋಯಿಸಲು ಇದನ್ನು ಹೇಳುತ್ತಿಲ್ಲ. ನಾನೇ ಮಾಡಿದ್ದನ್ನು ಕೇಳಿ. ನೌಕರಿಯ ಎರಡನೇ ವರ್ಷ, ಸಿಂದಗಿ ಕಡೆ ಒಂದು ದನದ ದವಾಖಾನೆ. ಒಬ್ಬ ಕುರುಬರ ಅಜ್ಜ ಕಂಬಳಿಯಲ್ಲಿ ಸುತ್ತಿಕೊಂಡು ಚಿಗರಿ ಮರಿ ತಂದ. "ತಬ್ಬಲಿ ಐತ್ರಿ ಸಾಹೇಬ್ರ, ಹುಲ್ಲಾಗ ಒಂದ ಬಿದ್ದಿತ್ತು." ನನಗೆ ಆಗ ಇಪ್ಪತ್ತಾರು ವರ್ಷ. ಡಿಗ್ರಿ ಹೊಸದು, ಉಮೇದು ಜಾಸ್ತಿ. ಕ್ವಾರ್ಟರ್ಸ್ ಹಿತ್ತಲಲ್ಲಿ ಇಟ್ಟುಕೊಂಡು ಬಾಟಲಿ ಹಾಲು ಕುಡಿಸಿದೆ. ಓಣಿಯ ಮಕ್ಕಳೆಲ್ಲ ಬಂದು ಮುಟ್ಟಿ ಮುದ್ದಾಡಿದರು. ಮೂರನೇ ದಿನ ಸತ್ತಿತು. ಕೊಯ್ದು ನೋಡಿದರೆ ಪುಪ್ಪುಸದ ತುಂಬ ನನ್ನದೇ ಹಾಲು. ಆ ಮರಿ ತಬ್ಬಲಿ ಆಗಿರಲೇ ಇಲ್ಲ ಅನ್ನುವುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಚಿಗರಿ ತನ್ನ ಎಳೆ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿ ಮೇಯಲು ಹೋಗುತ್ತದೆ. ಮರಿ ಉಸಿರು ಬಿಗಿಹಿಡಿದು ಬಿದ್ದಿರುತ್ತದೆ, ನಾವು ಹತ್ತಿರ ಹೋದರೂ ಏಳುವುದಿಲ್ಲ. ತಾಯಿ ಆಗಾಗ ಬಂದು ಹಾಲು ಕೊಟ್ಟು ಹೋಗುತ್ತದೆ. ಅದು ಅದರ ಬದುಕುವ ಉಪಾಯ. ನಮ್ಮ ಕಣ್ಣಿಗೆ ಅನಾಥ. ನಿಮ್ಮ ತಂದೆಯವರು ತಂದದ್ದೂ ಹೆಚ್ಚಾಗಿ ಹಾಗೇ ಮಲಗಿದ್ದ ಮರಿಯೇ ಇರಬೇಕು.

ಮೂರನೆಯ ಮರಿ ಬದುಕಿತಲ್ಲ, ಅದು ಗೆದ್ದ ಹಾಗಲ್ಲವೇ ಅಂತ ನೀವು ಕೇಳಬಹುದು. ಕಷ್ಟದ ಮಾತು. ಇಲಿ ಹಿಡಿಯುವುದು ಬೆಕ್ಕಿಗೆ ರಕ್ತದಲ್ಲೇ ಇದೆ, ಸ್ವಲ್ಪಮಟ್ಟಿಗೆ ತಾನಾಗಿ ಬರುತ್ತದೆ. ಆದರೆ ನಾಯಿ ಕಂಡರೆ ಓಡು, ಮನುಷ್ಯ ಕಂಡರೆ ಅಡಗು, ರಸ್ತೆ ಹೀಗೆ ದಾಟು, ಇದನ್ನೆಲ್ಲ ಕಲಿಸುವವಳು ತಾಯಿ. ಐದಾರು ತಿಂಗಳಾದರೂ ಅವಳ ಹಿಂದೆ ತಿರುಗಬೇಕು. ನಿಮ್ಮ ಮರಿಗೆ ಮನುಷ್ಯ ಅಂದರೆ ಲಿವರ್ ಕೊಡುವವನು. ನನ್ನ ಕಣ್ಣೆದುರಿನ ಒಂದು ಪ್ರಕರಣ ಹೇಳುತ್ತೇನೆ. ಒಂದು ತೋಟದ ಮನೆಯವರು ನರಿಮರಿ ಸಾಕಿದ್ದರು. ಬಹಳ ಒಳ್ಳೆಯ ಜನ. ದೊಡ್ಡದಾಯಿತು ಅಂತ ಹಳ್ಳದ ಆಚೆ ಬಿಟ್ಟು ಬಂದರು. ಅದು ಹಸಿವಾದಾಗ ಹತ್ತಿರದ ವಸ್ತಿಗೆ ಹೋಯಿತು, ಬಾಲ ಅಲ್ಲಾಡಿಸಿಕೊಂಡು. ಮನುಷ್ಯರ ಹತ್ತಿರ ತಾನಾಗಿ ಬರುವ ನರಿ ಅಂದರೆ ಹುಚ್ಚು ನರಿ ಅಂತ ಅಲ್ಲಿನವರು ಬಡಿಗೆ ಹಿಡಿದರು. ಅವರದೂ ತಪ್ಪಲ್ಲ. ನಿಮ್ಮ ಬೆಕ್ಕಿಗೂ ಹಾಗೇ ಆಗಿರುತ್ತದೆ ಅನ್ನುತ್ತಿಲ್ಲ. ನಾಲ್ಕು ತಿಂಗಳಿಗೆ ತಾನೇ ಓಡಿದೆ ಅಂದರೆ ಒಳಗಿನ ಕಾಡುತನ ಉಳಿದಿರಬಹುದು. ನಿಮ್ಮ ಭಾಗದಲ್ಲಿ ಕಬ್ಬೂ ಇದೆ, ಇಲಿಯೂ ಇವೆ.

ಈಗ ಕಾನೂನು, ಚಿಕ್ಕದಾಗಿ. ನಿಮ್ಮ ಮಗ ಹೇಳಿದ್ದು ಸರಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ನೀವು ಮುಂಗುಸಿ ಸಾಕಿದಾಗ ಅದು ಇರಲಿಲ್ಲ, ಆ ಲೆಕ್ಕ ಬಿಡಿ. ಈಗ ಮುಂಗುಸಿ, ಗಿಳಿ, ನವಿಲು, ಕಾಡುಬೆಕ್ಕು ಯಾವುದನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಪ್ರೀತಿಯಿಂದ ಇಟ್ಟುಕೊಂಡರೂ. ಚಿಗರಿ, ತೋಳ, ಚಿರತೆಯಂಥ ಮೊದಲನೇ ಪಟ್ಟಿಯ ಪ್ರಾಣಿಗಳ ಅಪರಾಧಕ್ಕೆ ಮೂರರಿಂದ ಏಳು ವರ್ಷ ಜೈಲು. ಕಾಡು ಪ್ರಾಣಿ ಹೇಗೋ ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅರಣ್ಯ ಅಧಿಕಾರಿಗೆ ತಿಳಿಸಬೇಕು ಅಂತಲೂ ಅದೇ ಕಾನೂನು ಹೇಳುತ್ತದೆ. ಈ 48 ಗಂಟೆಯ ಮಾತು ನೆನಪಿಡಿ. ಸಿಕ್ಕದ್ದನ್ನು ಕೂಡಲೇ ತಿಳಿಸಿದವರಿಗೆ ಯಾರೂ ತೊಂದರೆ ಕೊಟ್ಟದ್ದನ್ನು ನಾನು ನೋಡಿಲ್ಲ. ಮುಚ್ಚಿಟ್ಟು, ವಿಡಿಯೋ ಮಾಡಿ ಹಾಕಿದವರಿಗೆ ಆದದ್ದನ್ನು ನೋಡಿದ್ದೇನೆ.

ಈ ಸಲ ಮರಿ ಸಿಕ್ಕರೆ ಏನು ಮಾಡಬೇಕು? ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಮರಿ ಸಿಗುವ ಮೊದಲೇ ಕೆಲಸ ಶುರುವಾಗಬೇಕು. ಗ್ಯಾಂಗು ಬಂದ ದಿನವೇ ಮುಕದ್ದಮನ ಹತ್ತಿರ ಕೂತು ಚಹಾ ಕುಡಿಯುತ್ತ ಹೇಳಿ: ನಾಲ್ಕೂ ಕಡೆಯಿಂದ ಕಡಿಯುತ್ತ ನಡುವಿಗೆ ಬರಬೇಡಿ, ಒಂದು ಮಗ್ಗುಲಿನಿಂದ ಶುರು ಮಾಡಿ ಹಳ್ಳದ ಕಡೆಗೋ ಪಕ್ಕದ ಕಡಿಯದ ಕಬ್ಬಿನ ಕಡೆಗೋ ಹೋಗಿ. ನಡುವೆ ಸಿಕ್ಕಿಕೊಂಡ ಪ್ರಾಣಿಗೆ ಓಡಲು ದಾರಿ ಇರುವುದಿಲ್ಲ, ಜನರ ಮೈಮೇಲೆ ಬರುತ್ತದೆ. ಕಡಿಯುವವರಿಗೂ ಇದರಿಂದ ಒಳ್ಳೆಯದು. ಯಂತ್ರದಲ್ಲಿ ಕಡಿಸುವುದಾದರೆ ಇನ್ನೂ ಎಚ್ಚರ. ಆಳು ಕಡಿಯುವಾಗ ಮರಿ ಕಣ್ಣಿಗೆ ಬೀಳುತ್ತದೆ, ಯಂತ್ರಕ್ಕೆ ಕಣ್ಣಿಲ್ಲ. ಹಿಂದಿನ ಸಂಜೆ ಹೊಲದ ಸುತ್ತ ನಾಲ್ಕು ಜನ ಡಬ್ಬಿ ಬಡಿಯುತ್ತ ಒಂದು ಸುತ್ತು ಹಾಕಿದರೂ ತಾಯಿಗೆ ಸುಳಿವು ಸಿಗುತ್ತದೆ, ರಾತ್ರಿಯಿಡೀ ಮರಿ ಸಾಗಿಸಲು ಸಮಯ ಸಿಗುತ್ತದೆ. ಇನ್ನು ರವದಿಗೆ ಬೆಂಕಿ. ಹಚ್ಚಬೇಡಿ ಅಂತ ಕೃಷಿಯವರು ಮಣ್ಣಿನ ಸಲುವಾಗಿ ಹೇಳುತ್ತಾರೆ, ನಾನು ಅದರೊಳಗೆ ಇರುವವರ ಸಲುವಾಗಿ ಹೇಳುತ್ತೇನೆ.

ಮರಿ ಕಂಡಿತು ಅನ್ನಿ. ಚಿರತೆಯ ಅನುಮಾನ ಇದ್ದರೆ ಅಲ್ಲಿಗೇ ಕೆಲಸ ನಿಲ್ಲಿಸಿ. ಮುಟ್ಟಬೇಡಿ, ಎತ್ತಬೇಡಿ, ಫೋಟೋಗೆ ನಿಲ್ಲಬೇಡಿ. ತಾಯಿ ಹತ್ತು ಮಾರು ದೂರದಲ್ಲಿ ಇರಬಹುದು. ಜನರನ್ನೆಲ್ಲ ಹೊಲದಿಂದ ಆಚೆ ಕರೆದುಕೊಂಡು ಹೋಗಿ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಮರಿಯನ್ನು ತಾಯಿಗೆ ಮುಟ್ಟಿಸುವ ಕೆಲಸ ಅವರದು, ನಿಮ್ಮದಲ್ಲ. ಹಾಗೆಯೇ ವಾಟ್ಸಾಪಿನಲ್ಲಿ ಹಾಕುವುದು ಬೇಡ. 2022ರ ಆಗಸ್ಟ್‌ನಲ್ಲಿ ಬೆಳಗಾವಿ ಊರೊಳಗೆ, ಗಾಲ್ಫ್ ಮೈದಾನದಲ್ಲಿ ಚಿರತೆ ಸೇರಿಕೊಂಡಾಗ ಆದದ್ದು ನಿಮಗೆ ನೆನಪಿದೆಯಲ್ಲ. ಸುತ್ತಲಿನ ಶಾಲೆಗಳಿಗೆ ರಜೆ, ಸಕ್ರೆಬೈಲಿನ ಆನೆ ಬಿಡಾರದಿಂದ ಆನೆ ತರಿಸಿದರು, ವಾರಗಟ್ಟಲೆ ಹುಡುಕಿದರು, ಅದು ಕೈಗೆ ಸಿಗಲೇ ಇಲ್ಲ. ಇಂಥ ಹೊತ್ತಲ್ಲಿ ಚಿರತೆಯನ್ನು ಹುಡುಕುವುದಕ್ಕಿಂತ ಜನರನ್ನು ತಡೆಯುವುದೇ ದೊಡ್ಡ ಕೆಲಸವಾಗುತ್ತದೆ.

ಕಾಡುಬೆಕ್ಕು ಅಂತ ಖಾತ್ರಿ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು ಮರಿ ಇದ್ದಲ್ಲೇ ಬಿಡುವುದು. ಸುತ್ತ ನಾಲ್ಕೈದು ಸಾಲು ಕಬ್ಬು ನಿಲ್ಲಿಸಿ, ಉಳಿದದ್ದು ಕಡಿಯಿರಿ. ಎರಡು ದಿನ ಬಿಟ್ಟು ಆ ಸಾಲು ಕಡಿದರೆ ಕಾರ್ಖಾನೆ ಮುಳುಗುವುದಿಲ್ಲ. ಸುತ್ತಲೂ ಆಗಲೇ ಕಡಿದಾಗಿದ್ದರೆ ಮರಿಯ ಮೇಲೆ ರವದಿಯ ಗುಪ್ಪೆ ಮಾಡಿ ನೆರಳು ಕೊಡಿ. ಯಾರೋ ಎತ್ತಿಕೊಂಡು ಮನೆಗೆ ತಂದೇ ಬಿಟ್ಟಿದ್ದರೂ ಕಾಲ ಮಿಂಚಿಲ್ಲ. ಅರಣ್ಯದವರಿಗೆ ಫೋನ್ ಮಾಡಿ, ಅವರ ಮಾತಿನಂತೆ ಅದೇ ಸಂಜೆ, ಸಿಕ್ಕ ಜಾಗಕ್ಕೇ ಒಯ್ದು ಇಡಬೇಕು. ಅಂದಾಜಿನ ಮೇಲೆ "ಅಲ್ಲೇ ಎಲ್ಲೋ" ಇಟ್ಟರೆ ಆಗುವುದಿಲ್ಲ, ಸಿಕ್ಕವನನ್ನೇ ಕರೆದುಕೊಂಡು ಹೋಗಿ ಜಾಗ ತೋರಿಸಿಕೊಳ್ಳಿ. ದಪ್ಪ ಬಟ್ಟೆಯಲ್ಲಿ ಹಿಡಿಯಿರಿ. ದಾಳಿಂಬೆ ತುಂಬುವ ಪ್ಲಾಸ್ಟಿಕ್ ಕ್ರೇಟು ಇದಕ್ಕೆ ಹೇಳಿ ಮಾಡಿಸಿದ್ದು. ಮರಿ ಹತ್ತಿ ಹೊರಗೆ ಹೋಗಲಾರದು, ತಾಯಿ ಸಲೀಸಾಗಿ ಇಳಿಯಬಲ್ಲಳು. ತಳಕ್ಕೆ ಒಣ ರವದಿ ಹಾಕಿ. ಮುಚ್ಚಳ ಬೇಡ. ಆಮೇಲೆ ಎಲ್ಲರೂ ಅಲ್ಲಿಂದ ಹೊರಡಬೇಕು, ನಾಯಿ ಕಟ್ಟಬೇಕು. ಬ್ಯಾಟರಿ ಬೆಳಕು ಬೇಡ, ಮೊಬೈಲ್ ಬೇಡ. ಮರಿ ಕೂಗುತ್ತದೆ. ಅದನ್ನು ಕೇಳಿ ನಿಮ್ಮ ಕರುಳು ಚುರುಕ್ ಅನ್ನುತ್ತದೆ, ಗೊತ್ತು. ಕೂಗಲಿ. ಆ ಕೂಗೇ ತಾಯಿಗೆ ದಾರಿ ತೋರಿಸುವುದು. ಬೆಳಗ್ಗೆ ಒಮ್ಮೆ ಮಾತ್ರ ಹೋಗಿ ನೋಡಿ.

ಅಪಾಯ ಇಲ್ಲವೇ? ಇದೆ. ಬೀದಿನಾಯಿ ಬರಬಹುದು, ಥಂಡಿಗೆ ಒಂದು ಮರಿ ಹೋಗಬಹುದು. ಮೊದಲ ರಾತ್ರಿ ತಾಯಿ ಬಾರದೇ ಇರಬಹುದು. ಆಗ ಮರಿ ಗಟ್ಟಿ ಇದ್ದರೆ ಇನ್ನೊಂದು ರಾತ್ರಿ ಪ್ರಯತ್ನ ಮಾಡುತ್ತಾರೆ. ಆದರೂ ನಿಮ್ಮ ಅಡಿಗೆಮನೆಗಿಂತ ಅಲ್ಲಿ ಅದು ಬದುಕುವ ಸಂಭವ ಜಾಸ್ತಿ ಅನ್ನುವುದು ನನ್ನ ಅನುಭವ.

ಮರಿಗೆ ಗಾಯವಾಗಿದ್ದರೆ, ಹುಳ ಬಿದ್ದಿದ್ದರೆ, ತಾಯಿ ಸತ್ತದ್ದನ್ನು ಕಣ್ಣಾರೆ ಕಂಡಿದ್ದರೆ ದಾರಿ ಬೇರೆ. ಇಲಾಖೆಯವರಿಗೆ ಒಪ್ಪಿಸುವುದೇ. ಅವರು ಬರುವವರೆಗೆ ರಟ್ಟಿನ ಪೆಟ್ಟಿಗೆ, ಹಳೆಯ ಬಟ್ಟೆ, ಬಟ್ಟೆಯಲ್ಲಿ ಸುತ್ತಿದ ಬಿಸಿನೀರಿನ ಬಾಟಲಿ, ಕತ್ತಲು, ಮೌನ. ಹಾಲು ಬೇಡ. ಮನೆಯ ಬೆಕ್ಕಿನಿಂದ ದೂರ ಇಡಿ, ಅವುಗಳ ರೋಗ ಇವಕ್ಕೆ ಹತ್ತುತ್ತದೆ. ಒಂದು ಮಾತು ಮುಚ್ಚಿಡದೆ ಹೇಳಬೇಕು. ಹಾಗೆ ಒಪ್ಪಿಸಿದ ಮರಿ ಬದುಕಿದರೂ ಅದರ ಜೀವನ ಹೆಚ್ಚಾಗಿ ಪಂಜರದಲ್ಲೇ ಕಳೆಯುತ್ತದೆ. ಅದಕ್ಕೇ ತಾಯಿಗೆ ಮುಟ್ಟಿಸುವ ಪ್ರಯತ್ನಕ್ಕೆ ನಾನು ಇಷ್ಟು ಒತ್ತು ಕೊಡುವುದು.

ಕಬ್ಬಿಗೇ ಯಾಕೆ ಬರುತ್ತವೆ ಅಂತ ನಿಮಗೂ ಅನ್ನಿಸಿರಬಹುದು. ಹೆಸರು ಕಾಡುಬೆಕ್ಕು, ಆದರೆ ಅದಕ್ಕೆ ದಟ್ಟ ಕಾಡು ಬೇಕಿಲ್ಲ. ನೀರಿನ ಪಕ್ಕದ ಜೊಂಡು, ಆಳೆತ್ತರದ ಹುಲ್ಲು ಬೇಕು. ನೀವು ಹುಡುಗರಿದ್ದಾಗ ಹಳ್ಳದ ದಂಡೆಗೆ, ಗಾಯರಾಣದ (ದನ ಮೇಯುವ ಬಯಲಿನ) ಅಂಚಿಗೆ ಅದು ಇತ್ತು. ಈಗ ಹಳ್ಳದ ದಂಡೆಯವರೆಗೂ ನೇಗಿಲು ಬಂದಿದೆ. ಕಾಲುವೆ, ಕಾರ್ಖಾನೆ ಬಂದು ಜೋಳದ ಹೊಲ ಕಬ್ಬಾಯಿತು. ವರ್ಷಪೂರ್ತಿ ನಿಲ್ಲುವ ಬೆಳೆ, ಒಳಗೆ ತಂಪು, ಯಾರೂ ಬರುವುದಿಲ್ಲ, ಕಾಲಿಟ್ಟಲ್ಲಿ ಇಲಿ. ಬೆಕ್ಕಿನ ಲೆಕ್ಕದಲ್ಲಿ ಅದು ಜೊಂಡೇ. ಆ ಜೊಂಡು ಒಂದು ದಿನ ಬೆಳಗಾಗುವುದರೊಳಗೆ ಲಾರಿ ಹತ್ತಿ ಹೋಗುತ್ತದೆ ಅನ್ನುವುದು ಮಾತ್ರ ಅದಕ್ಕೆ ಗೊತ್ತಿಲ್ಲ. ರಾಜಸ್ಥಾನದ ಸರಿಸ್ಕಾದಲ್ಲಿ ಅಭ್ಯಾಸ ಮಾಡಿದವರು ಒಂದು ಕಾಡುಬೆಕ್ಕು ದಿನಕ್ಕೆ ಮೂರರಿಂದ ಐದು ಇಲಿ ತಿನ್ನುತ್ತದೆ ಅಂತ ಅಂದಾಜು ಮಾಡಿದ್ದಾರೆ. ಪಕ್ಕದ ಮನೆಯವರ ಕೋಳಿಯ ಲೆಕ್ಕದ ಎದುರು ಇದನ್ನೂ ಇಡಿ.

ಬಯಲು ಅಂದರೆ ಬಂಜರು, ಖಾಲಿ ಜಾಗ ಅನ್ನುವ ಮಾತು ನಮ್ಮಲ್ಲಿ ಬಹಳ. ನಿಮ್ಮ ಪಕ್ಕದ ಬೀಳಗಿ, ಮುಧೋಳ ಸೀಮೆಯ ಯಡಹಳ್ಳಿಯನ್ನೇ ನೋಡಿ. ಮುಳ್ಳುಕಂಟಿ, ಕಲ್ಲುಗುಡ್ಡ. ಅಲ್ಲಿ ಏನಿದೆ ಅನ್ನುತ್ತಿದ್ದರು. ಚಿಂಕಾರ ಅನ್ನುವ ಸಣ್ಣ ಜಿಂಕೆಯಂಥ ಪ್ರಾಣಿ ಇದ್ದವು, ತೋಳ ಇದ್ದವು. 2016ರಲ್ಲಿ ಸುಮಾರು 96 ಚದರ ಕಿಲೋಮೀಟರ್ ಜಾಗವನ್ನು ಚಿಂಕಾರ ವನ್ಯಧಾಮ ಅಂತ ಘೋಷಿಸಿದರು. ಮೊಮ್ಮಗನನ್ನು ಕರೆದುಕೊಂಡು ಒಮ್ಮೆ ಹೋಗಿ, ಇಲಾಖೆಯವರನ್ನು ಕೇಳಿಕೊಂಡು.

ಕೊನೆಗೆ ನಿಮ್ಮ ಮೊದಲ ಪ್ರಶ್ನೆ. ಅರವತ್ತು ವರ್ಷದ ಪ್ರೀತಿ ತಪ್ಪೇ?

ನಮ್ಮ ಕಡೆ ಪ್ರೀತಿ ಅಂದರೆ ಉಣ್ಣಿಸುವುದು. ಮನೆಗೆ ಬಂದವರಿಗೆ ರೊಟ್ಟಿ ಹಾಕದೆ ಕಳಿಸುವುದಿಲ್ಲ. ಎತ್ತಿಗೆ, ಆಡಿಗೆ, ನಾಯಿಗೆ ಕೈಯಾರೆ ಹಾಕಿ ಬೆಳೆದವರು ನಾವು. ಅದೇ ಕೈ ಮುಂಗುಸಿಗೂ, ಮಂಗಕ್ಕೂ ಚಾಚಿತು, ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಎತ್ತಿಗೂ ನಮಗೂ ಸಾವಿರಾರು ವರ್ಷದ ಒಪ್ಪಂದ ಇದೆ. ಕಾಡುಬೆಕ್ಕಿನ ಜೊತೆ ಅಂಥದ್ದೇನೂ ಇಲ್ಲ. ಬಾದಾಮಿಯ ಮಂಗಗಳನ್ನೇ ನೋಡಿ. ನಾವು ಹಾಕಿ ಹಾಕಿ, ಈಗ ಅವು ಕೇಳುವುದೇ ಇಲ್ಲ, ಚೀಲಕ್ಕೇ ಕೈ ಹಾಕುತ್ತವೆ. ಮಕ್ಕಳನ್ನು ಕಚ್ಚುತ್ತವೆ, ಆಮೇಲೆ ಮಂಗ ಹಿಡಿಸಿ ಅಂತ ಅರ್ಜಿ ಕೊಡುತ್ತೇವೆ. ಬಾಳೆಹಣ್ಣು ನಿಲ್ಲಿಸಿ ಗುರುಗಳೇ. ಇದೊಂದರಲ್ಲಿ ನಾನು ನಿಮ್ಮ ಮಗನ ಪಕ್ಷ.

ಆದರೆ ನೀವು ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ (ಹೊಲಕ್ಕೆ ಅರ್ಪಿಸುವ ಅಡುಗೆ) ಚೆಲ್ಲುತ್ತೀರಲ್ಲ? ಹೊಲದ ಉದ್ದಕ್ಕೂ ಚೆಲ್ಲಿ, ಊಟ ಮಾಡಿ ಮನೆಗೆ ಬರುತ್ತೀರಿ. ಯಾವ ಇರುವೆ ತಿಂದಿತು, ಯಾವ ಹಕ್ಕಿ ತಿಂದಿತು ಅಂತ ಕಾಯುತ್ತ ಕೂರುವುದಿಲ್ಲ, ಅದನ್ನು ಹಿಡಿದು ಮನೆಗೂ ತರುವುದಿಲ್ಲ. ಆ ರೀತಿಯ ಪ್ರೀತಿ ನಿಮಗೆ ಹೊಸದೇನಲ್ಲ. ಒಡ್ಡಿನ ಮೇಲಿನ ಕಂಟಿ ಎರಡು ಗುಂಟೆಯಷ್ಟಾದರೂ ಕಡಿಯದೆ ಬಿಡಿ, ಮುಂದಿನ ವರ್ಷ ಬೆಕ್ಕು ಅಲ್ಲೇ ಮರಿ ಹಾಕಬಹುದು. ಕಟ್ಟೆ ಇಲ್ಲದ ಹಳೆಯ ಬಾವಿ ಇದ್ದರೆ ಒಂದು ಉದ್ದ ಮರದ ದಿಮ್ಮಿಗೆ ಗೋಣಿತಾಟು ಸುತ್ತಿ ಓರೆಯಾಗಿ ಇಳಿಬಿಡಿ, ಬಿದ್ದ ನರಿ, ಬೆಕ್ಕು ತಾವೇ ಹತ್ತಿ ಬರುತ್ತವೆ. ಎಷ್ಟೋ ಬಾವಿಗೆ ನಾನು ಹಗ್ಗ ಇಳಿಸಿದ್ದೇನೆ, ಹೆಚ್ಚಿನ ಸಲ ಮೇಲೆ ಬಂದದ್ದು ಹೆಣ. ಇಲಿ ಪಾಷಾಣ ಇಡುವುದನ್ನು ಕಡಿಮೆ ಮಾಡಿ, ವಿಷ ತಿಂದ ಇಲಿಯನ್ನು ತಿಂದು ಸಾಯುವುದು ಇಲಿ ಹಿಡಿಯುವವರೇ.

ಇನ್ನು ಆ ಹಾಜರಿ ಪುಸ್ತಕ. ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದೆ, ಮೂರೂ ಸಲ ಆ ಕಂಸದಲ್ಲಿಟ್ಟ ಸಾಲಿಗೆ ಬಂದು ನಿಂತೆ. ಕಿಮ್ಮತ್ತಿಲ್ಲ ಅನ್ನುತ್ತೀರಿ. 1979 ಅಂದರೆ ಆಲಮಟ್ಟಿ ಅಣೆಕಟ್ಟಿನ ನೀರು ನಿಲ್ಲುವುದಕ್ಕೂ ಮೊದಲು. ಹಿನ್ನೀರು ಬಂದು, ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿ, ಇವತ್ತು ಅದೇ ನೀರಿನ ಅಂಚಿಗೆ ರಾಜಹಂಸ (ಫ್ಲೆಮಿಂಗೊ) ಬರುತ್ತಿವೆ. ಎಲ್ಲರೂ ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಾರೆ. ಆದರೆ ನಿಮ್ಮೂರಿನ ಹೊಳೆದಂಡೆಗೆ ಅದಕ್ಕೂ ಮೊದಲು ಯಾವ ಹಕ್ಕಿ ಬರುತ್ತಿತ್ತು, ಯಾವ ತಿಂಗಳು ಬರುತ್ತಿತ್ತು ಅಂತ ಹೇಳುವವರು ಎಷ್ಟು ಜನ ಇದ್ದಾರೆ? ನೀವು ಸಾಕಿದ ಮುಂಗುಸಿ, ಗಿಳಿ ಯಾವುದೂ ಇವತ್ತು ಇಲ್ಲ. ಯಾವುದನ್ನೂ ಮುಟ್ಟದೆ, ದೂರ ಕೂತು ನೋಡಿ ಬರೆದದ್ದು ಇದೆ. ಗೆದ್ದಲು ಹತ್ತುವ ಮೊದಲು ಮೊಮ್ಮಗನ ಕೈಯಲ್ಲಿ ಪ್ರತಿ ಪುಟದ ಫೋಟೋ ತೆಗೆಸಿ. ಅಳುವ ಹುಡುಗ ಅವನು, ಒಳ್ಳೆಯದು, ಈ ವರ್ಷದ ಪುಟ ಅವನೇ ಬರೆಯಲಿ.

ನನಗೊಂದು ಸ್ವಂತ ಕುತೂಹಲ. ಕತ್ತೆಕಿರುಬದ ಹೆಸರು ನಿಮ್ಮ ಪುಸ್ತಕದಲ್ಲಿ ಇದೆಯೇ? ಇದ್ದರೆ ಕೊನೆಯ ಸಲ ಯಾವ ವರ್ಷ, ಯಾವ ಹಳ್ಳದ ಹತ್ತಿರ? ಲಸಿಕೆ ಹಾಕಿಸಿದ ಚೀಟಿಯ ಜೊತೆಗೆ ಅದನ್ನೂ ಬರೆದು ಕಳಿಸಿ.